ಏಳನೆಯ ಬ್ರಾಕೆಟ್

ಭಾರತ, ಇಟಲಿ, ಜಪಾನ್ ಕೂಡಿ ಕಟ್ಟಿದ ಉಪಗ್ರಹವೊಂದಕ್ಕೆ ಹರಿಹರದ ಬಕ್ಕೇಶನ ವರ್ಕ್‌ಶಾಪಿನಿಂದ ಆರು ಟೈಟಾನಿಯಂ ಬ್ರಾಕೆಟ್ ಹೋಗಿದ್ದವು. ಸೂರ್ಯನನ್ನು ನೋಡುವ ದೂರದರ್ಶಕದ ಕನ್ನಡಿಯನ್ನು ಹಿಡಿದು ನಿಲ್ಲಿಸುವುದು ಅವೇ. ಏಳನೆಯದು ಮಾದರಿಗೆಂದು ಕಪಾಟಿನಲ್ಲಿ ಉಳಿದಿತ್ತು.

ಉಡಾವಣೆಗೆ ಒಂಬತ್ತು ದಿನವಿತ್ತು. ನಿಟ್ಟುವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ವಾಣಿಗೆ ಅಲ್ಲಿ ತಪಾಸಣೆಯ ಕೆಲಸ. ಬಿರುಕು ಹುಡುಕುವ ಬಣ್ಣದ ಹೊಸ ಡಬ್ಬಿ ಬಂದಿತ್ತು. ಪರೀಕ್ಷಿಸಲು ಆ ಏಳನೆಯದನ್ನೇ ಎತ್ತಿಕೊಂಡಳು. ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದಳು. ಮೂಲೆಯಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ನೋಡನೋಡುತ್ತಾ ಉದ್ದವಾಯಿತು.

ಕಳಿಸುವ ಮೊದಲು ಏಳನ್ನೂ ಅವಳೇ ನೋಡಿದ್ದಳು. ಆಗ ಗೆರೆ ಇರಲಿಲ್ಲ. ಕಪಾಟಿನಲ್ಲಿ ಸುಮ್ಮನೆ ಕೂತಲ್ಲೇ ಲೋಹ ಬಿರಿದಿತ್ತು. ಗಾಳಿ ತೆಗೆದ ಫರ್ನೇಸಿನಲ್ಲಿ ಕಾಯಿಸುವಾಗ ಗಾಳಿ ತಗುಲಿದರೆ ಟೈಟಾನಿಯಂ ಹೀಗೆ ಪೆಡಸಾಗಿ ಬಿರಿಯುತ್ತದೆ.

ಅದನ್ನು ಬಕ್ಕೇಶನ ಮೇಜಿನ ಮೇಲಿಟ್ಟಳು. "ಫರ್ನೇಸ್‌ನಾಗೆ ಏನಾಗಿತ್ತಣ್ಣ?"

ಬಕ್ಕೇಶ್ ಎದ್ದು ಬಾಗಿಲು ಹಾಕಿದ. "ಅವತ್ತು ಕರೆಂಟ್ ಹೋಗಿ ಪಂಪ್ ನಿಂತಿತ್ತು. ಒಳಗೆ ಗಾಳಿ ಹೊಕ್ಕಿತ್ತು. ಇಪ್ಪತ್ತು ನಿಮಿಷ ಅಷ್ಟೇ. ನಾನು ರಿಜಿಸ್ಟರ್‌ನಾಗೆ ಬರೀಲಿಲ್ಲ."

"ಏಳೂ ಒಳಗಿದ್ವಾ?"

"ಇದ್ವು. ಈಗ ಬ್ಯಾಡ ವಾಣಿ. ಉಪಗ್ರಹ ಒಳಗಿಟ್ಟು ರಾಕೆಟ್ ಮೂತಿ ಮುಚ್ಚಿದಾರಂತೆ. ಇದೊಂದೇ ಬಿರಿದಿರಬಹುದು."

"ನೀವು ಹೇಳ್ರಿ. ಇಲ್ಲಾಂದ್ರ ನಾನು ಹೇಳ್ತೀನಿ."

ಬಕ್ಕೇಶ್ ಬ್ರಾಕೆಟ್ಟನ್ನು ಹತ್ತಿರ ಎಳೆದುಕೊಂಡ. ಆಮೇಲೆ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ತಾನೇ ಫೋನ್ ಮಾಡಿದ. ಅಲ್ಲಿನವರು ಇಟಲಿ, ಜಪಾನಿನ ಎಂಜಿನಿಯರುಗಳನ್ನೂ ಕರೆಗೆ ಸೇರಿಸಿದರು. ತನಗೆ ಬರುವ ಇಂಗ್ಲಿಷಿನಲ್ಲಿ ಬಕ್ಕೇಶ್ ಏನನ್ನೂ ಮುಚ್ಚಿಡದೆ ಹೇಳಿದ. ಯಾರೂ ಬೈಯಲಿಲ್ಲ. ಇಟಲಿಯಾಕೆ ಒಂದೇ ಮಾತು ಕೇಳಿದಳು: ಬಿರುಕು ಕಾಣಿಸಿಕೊಳ್ಳಲು ಎಷ್ಟು ದಿನ ಹಿಡಿಯಿತು? ಅದು ಗೊತ್ತಿಲ್ಲವೆಂದ ಮೇಲೆ ಉಳಿದ ಆರನ್ನೂ ತೆಗೆದು ನೋಡಲೇಬೇಕಾಯಿತು.

ರಾಕೆಟ್ಟಿನ ಮೂತಿ ಬಿಚ್ಚಿದರು. ವಾರದ ಮೇಲೆ ಫೋಟೋಗಳು ಬಂದವು. ಆರರಲ್ಲಿ ನಾಲ್ಕಕ್ಕೆ ಕೆಂಪು ಗೆರೆ. ಒಂದಂತೂ ಈ ಬದಿಯಿಂದ ಆ ಬದಿಗೆ ಸೀಳಿಹೋಗಿತ್ತು. ಉಡಾವಣೆ ಒಂದು ವರ್ಷ ಮುಂದಕ್ಕೆ ಹೋಯಿತು. ಹೊಸ ಬ್ರಾಕೆಟ್ ಜಪಾನಿನಲ್ಲೇ ಮಾಡುವುದೆಂದಾಯಿತು.

ಜೊತೆಗೆ ಮೂರೂ ದೇಶದವರ ಸಹಿ ಇದ್ದ ಪತ್ರವಿತ್ತು. ಹೇಳಿದ್ದಕ್ಕೆ ಕೃತಜ್ಞತೆ. ಅದರ ಕೆಳಗೆ, ಐದು ವರ್ಷದಲ್ಲಿ ಆ ಫರ್ನೇಸಿನಿಂದ ಹೊರಬಿದ್ದ ಎಲ್ಲದರ ಪಟ್ಟಿ ಕಳಿಸಿ ಎಂದಿತ್ತು.

ಬಕ್ಕೇಶ್ ಹಳೆಯ ರಿಜಿಸ್ಟರುಗಳನ್ನು ಇಳಿಸಿಕೊಟ್ಟ. ವಾಣಿ ಪುಟ ತಿರುವುತ್ತಾ ಬರೆದುಕೊಂಡಳು.

"ಹಿಂಗೆ ಇನ್ನೆಷ್ಟು ಸಲ ಆಗೈತಣ್ಣ?"

"ನೆನಪಿಲ್ಲ" ಎಂದ.

ಪಟ್ಟಿಯಲ್ಲಿದ್ದ ಭಾಗಗಳನ್ನು ಹೊತ್ತ ಎರಡು ಉಪಗ್ರಹಗಳು ಆಗಲೇ ಭೂಮಿಯನ್ನು ಸುತ್ತುತ್ತಿದ್ದವು.