ಭಿಕ್ಷು ಬಾರದ ಶವಸಂಸ್ಕಾರ

೧೯೦೨ರ ಜನವರಿ ೧೯, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಜಪಾನಿನ ಕೋಚಿ ಪಟ್ಟಣದ ಬಾಡಿಗೆ ಸಭಾಂಗಣದಲ್ಲಿ ಇಸೋ ತನ್ನ ತಂದೆ ಕುವಾಬಾರಾನ ಶವಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆ ಎಳೆಯುತ್ತಿದ್ದಾಗ ಪೊಲೀಸ್ ಇನ್‌ಸ್ಪೆಕ್ಟರ್ ಬಂದು, ಬೂಟು ಬಿಚ್ಚದೆ ಚಾಪೆಯಂಚಿನಲ್ಲಿ ನಿಂತ.

"ಭಿಕ್ಷು ಎಲ್ಲಿ?"

"ಬರಲ್ಲ," ಎಂದ ಹತಾನಾಕಾ. ಪತ್ರಿಕೆಯೊಂದರ ಸಂಪಾದಕ, ತೀರಿಕೊಂಡ ಕುವಾಬಾರಾ ಮೇಷ್ಟ್ರ ಹಿರಿಯ ಶಿಷ್ಯ. "ಮಂತ್ರ ಬೇಡ, ಸತ್ತೋರಿಗೆ ಭಿಕ್ಷು ಇಡೋ ಹೊಸ ಹೆಸರೂ ಬೇಡ ಅಂತ ಮೇಷ್ಟ್ರು ಬರೆಸಿಟ್ಟಿದ್ದಾರೆ. ನಾಲ್ಕು ಜನ ಮಾತಾಡ್ತೀವಿ, ಅಷ್ಟೆ."

"ಮಂತ್ರ ಇಲ್ಲ, ಭಾಷಣ ಇದೆ. ಹಾಗಾದ್ರೆ ಇದು ಸಂಸ್ಕಾರ ಅಲ್ಲ ಸ್ವಾಮಿ, ರಾಜಕೀಯ ಸಭೆ. ಕಾನೂನು ಪ್ರಕಾರ ಹೆಂಗಸರು ಇರೋ ಹಾಗಿಲ್ಲ. ಭಿಕ್ಷುನ ಕರೆಸಿ, ಇಲ್ಲಾ ಇವರನ್ನ ಹೊರಗೆ ಕಳಿಸಿ."

ಪಕ್ಕದ ಮನೆಯ ಮೀನು ಮಾರುವ ಒತಾಕಿ ಇಸೋಳ ತೋಳು ಹಿಡಿದಳು. "ಹಿಂದಿನ ಬೀದಿ ಭಿಕ್ಷುನ ಎಳ್ಕೊಂಡ್ ಬರ್ತೀನಿ ಕಣೇ. ಐದು ನಿಮಿಷ ಗೊಣಗಿ ಹೋಗ್ತಾನೆ. ಅವನು ಗೊರಕೆ ಹೊಡೆದ್ರೂ ಜನ ಮಂತ್ರ ಅಂತಾರೆ! ನಿಮ್ಮಪ್ಪನಿಗೇನು ಕೇಳ್ಸುತ್ತಾ?"

*

ಕುವಾಬಾರಾನ ಕಣ್ಣು ಮಂಜಾದ ಮೇಲೆ ಆರು ವರ್ಷ ಇಸೋ ಅವನಿಗೆ ಫ್ರೆಂಚ್ ಪುಸ್ತಕಗಳನ್ನು ಓದಿ ಹೇಳಿದಳು; ಅವನು ಜಪಾನಿಯಲ್ಲಿ ಹೇಳಿದ್ದನ್ನು ಬರೆದುಕೊಂಡಳು. ಆ ನಡುವೆ ಬಂದ ಎರಡು ಸಂಬಂಧಗಳೂ ತಪ್ಪಿಹೋದವು. ಕಾನೂನು ಮಾಡುವ ಹಕ್ಕು ಎಲ್ಲರದು ಎಂಬ ವಾಕ್ಯ ಬಂದ ದಿನ ಅವಳು ಬರೆಯುವ ಕುಂಚ ನಿಲ್ಲಿಸಿದ್ದಳು.

"ಎಲ್ಲರೂ ಅಂದ್ರೆ ನಾನೂನಾ ಅಪ್ಪ?"

"ನೀನೂ ಕಣೇ. ಮೊದಲು ಆ ಸಾಲು ಮುಗಿಸು."

ಅನುವಾದದ ಮುನ್ನುಡಿಯಲ್ಲಿ ಅವನು ಹನ್ನೆರಡು ಮಂದಿ ಶಿಷ್ಯರ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದ. ಆ ಪುಟವನ್ನು ಬರೆದುಕೊಂಡದ್ದೂ ಇಸೋ.

*

"ಭಿಕ್ಷು ಬರಲಿ," ಎಂದಳು ಇಸೋ. "ಅಪ್ಪನ ಮಾತು ಮೀರಿದ ಪಾಪ ನನಗಿರಲಿ. ನಾನು ಇಲ್ಲಿ ಕೂತ್ಕೋಬೇಕು."

ಹತಾನಾಕಾ ಅವಳ ಮುಖ ನೋಡಲಿಲ್ಲ. "ಒಬ್ಬರ ಇಷ್ಟಕ್ಕೆ ಮೇಷ್ಟ್ರ ತತ್ವ ಬಿಡೋಕಾಗಲ್ಲಮ್ಮ. ಎಲ್ಲರನ್ನೂ ಕೇಳಿಬಿಡೋಣ. ಭಿಕ್ಷು ಬೇಡ ಅನ್ನೋರು ಕೈ ಎತ್ತಿ."

ನೆರೆದಿದ್ದ ಗಂಡಸರ ನಲವತ್ತಮೂರು ಕೈಗಳು ಎದ್ದವು. ಬೇಕೆಂದು ಎದ್ದದ್ದು ಎರಡು, ಇಸೋಳದು ಮತ್ತು ಒತಾಕಿಯದು. ಹತಾನಾಕಾ ಅವನ್ನು ಎಣಿಸಲಿಲ್ಲ.

"ಎಣಿಸಿದ್ರೂ ಅಷ್ಟೇ ಅಲ್ವೇನಮ್ಮ?" ಎಂದ, ಮೆಲ್ಲಗೆ.

"ನಿಮ್ಮ ಎಣಿಕೆಗೆ ಬೆಂಕಿ ಹಾಕ!" ಎಂದಳು ಒತಾಕಿ. "ಹೆಣ ತೊಳೆಯೋವಾಗ ನಲವತ್ತಮೂರು ಜನ ಎಲ್ಲಿ ಹೋಗಿದ್ರೋ?"

ಇನ್‌ಸ್ಪೆಕ್ಟರ್ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಎಳೆದ.

ಒಳಗೆ ಯಾರೋ ಸಮಾನತೆಯ ಬಗ್ಗೆ ಮಾತು ಆರಂಭಿಸಿದರು. ಚಪ್ಪಾಳೆ ಬಿತ್ತು. ಇಸೋ ಬಾಗಿಲಿನ ಹಲಗೆಗೆ ಅಂಗೈ ಒತ್ತಿ ನಿಂತಳು. ಚಪ್ಪಾಳೆಗೆ ಹಲಗೆ ಸಣ್ಣಗೆ ನಡುಗುತ್ತಿತ್ತು. ಅಲ್ಲಿಂದ ಪೆಟ್ಟಿಗೆಗೆ ಹನ್ನೊಂದು ಅಡಿ.