ಗೇಣು ಕಡಿಮೆ ಬಿದ್ದ ಅಳತೆ

ಆರ್ಲ್ ಊರಿನ ಕಲ್ಲುಕುಟಿಗ ಉರ್ಸಿನಸ್ ನಾರುಬಟ್ಟೆಯ ಪಟ್ಟಿಯನ್ನು ಅಮೃತಶಿಲೆಯ ಬಂಡೆಯ ಮೇಲೆ ಹಾಸಿದ, ತೆಗೆದ, ಮತ್ತೆ ಹಾಸಿದ. ಆಮೇಲೆ ಅವಿತಾಳ ಮುಖ ನೋಡಿದ.

"ತಾಯಿ, ಇಷ್ಟುದ್ದದ ಶವಪೆಟ್ಟಿಗೇಲಿ ನಿಮ್ಮ ಯಜಮಾನರನ್ನ ಮಲಗಿಸ್ಬೇಕು ಅಂದ್ರೆ ಮೊಣಕಾಲಿಂದ ಕೆಳಗಿಂದನ್ನ ಬೇರೆ ಕಡೆ ಹೂಳ್ಬೇಕಾಗ್ತದೆ."

ಅವಿತಾ ನಗಲಿಲ್ಲ. ಶಿಲುಬೆಯಿಂದ ಇಳಿಸಿದ ಪ್ರಭುವಿನ ದೇಹವನ್ನು ಮಲಗಿಸಿದ್ದ ಕಲ್ಲುಹಾಸಿನ ಉದ್ದಕ್ಕೆ ಸರಿಯಾಗಿ ಕತ್ತರಿಸಿ, ಆ ಪಟ್ಟಿಯನ್ನು ಕೊರಳಿಗೆ ಸುತ್ತಿಕೊಂಡು ಜೆರುಸಲೇಮಿನಿಂದ ತಂದಿದ್ದಳು. ಅವಳ ಗಂಡ ಮೌರಸ್ ಇನ್ನೂ ಬದುಕಿದ್ದ, ಕಾಲು ಊದಿ ಹಾಸಿಗೆ ಹಿಡಿದಿದ್ದ. ತಾನು ಹೋಗಲಾಗದ ಜಾಗಕ್ಕೆ ಹೆಂಡತಿಯನ್ನು ಕಳಿಸಿದ್ದ. ಪ್ರಭು ಮಲಗಿದಷ್ಟೇ ಉದ್ದದ ಜಾಗದಲ್ಲಿ ತಾನೂ ಮಲಗಬೇಕೆಂಬುದೊಂದೇ ಅವನ ಆಸೆ.

ಪಟ್ಟಿ ಗಿಡ್ಡವಾದದ್ದು ಹೇಗೆಂದು ಅವಳಿಗೆ ಗೊತ್ತಿತ್ತು. ಹಡಗಿನಲ್ಲಿ ಜ್ವರದ ಮಗುವಿನ ತಾಯಿಯೊಬ್ಬಳು ಬೇಡಿದಳೆಂದು ತುದಿಯಿಂದ ಒಂದು ಚೂರು ಕೊಟ್ಟಿದ್ದಳು. ಸಿಸಿಲಿಯಲ್ಲಿ ಹೆರಿಗೆ ನೋವಿನವಳಿಗೊಂದು. ಆಮೇಲೆ ಬಂದರುಗಳಲ್ಲಿ ಕೇಳಿದವರಿಗೆಲ್ಲ. ಕೊಡುವಾಗ ಅದು ಪ್ರಭುವಿನ ಸಮಾಧಿ ಮುಟ್ಟಿದ ಬಟ್ಟೆ, ಔಷಧಿಯಾಗಿತ್ತು. ಗಂಡನಿಗೆ ಬೇಕಾದದ್ದು ಅಳತೆ ಎಂಬುದು ಮನೆಯ ಬಾಗಿಲಿಗೆ ಬಂದಾಗಲೇ ನೆನಪಾದದ್ದು.

ಅಂದಾಜಿನಲ್ಲಿ ಕತ್ತರಿಸಿಬಿಡುತ್ತೇನೆ, ಯಜಮಾನರು ಎದ್ದು ಬಂದು ಅಳೆಯುತ್ತಾರೆಯೇ ಎಂದ ಉರ್ಸಿನಸ್. ಅಂದಾಜಿನ ಪೆಟ್ಟಿಗೆ ಸಾಕಾಗಿದ್ದರೆ ಕಾಯಿಲೆಯವರನ್ನು ಬಿಟ್ಟು ತಾನು ಅಷ್ಟು ದೂರ ಹೋಗಬೇಕಿತ್ತೇ ಎಂದಳು ಅವಿತಾ.

ಅವನು ಉಳಿ ಕೆಳಗಿಟ್ಟ. ಪೆಟ್ಟಿಗೆಯ ಮುಂಭಾಗಕ್ಕೆ ಕೆತ್ತಬೇಕಾದ ಚಿತ್ರವನ್ನು ಹಲಗೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದ: ಪ್ರಭುವಿನ ಸಮಾಧಿಯ ಗುಹೆ, ಉರುಳಿಸಿದ ಬಂಡೆ. ಅವನಪ್ಪನೂ ಹಾಗೆಯೇ ಕೆತ್ತುತ್ತಿದ್ದ. ಜೆರುಸಲೇಮಿನಲ್ಲಿ ಹೀಗೇ ಇದೆಯೇ ಎಂದು ಕೇಳಿದ. ಹೀಗಿಲ್ಲವೆಂದಳು. ಕಂಬಗಳ ಪುಟ್ಟ ಮನೆ, ಮುಂದೆ ಜಾಲರಿ, ಒಳಗೆ ಹಗಲೂ ಉರಿಯುವ ದೀಪ.

"ಒಳಗೆ ಹೋಗಿ ಏನ್ ಮಾಡಿದ್ರಿ?"

"ಮಂಡಿಯೂರಿ ಹಾಸಿನ ಮೇಲೆ ಎದೆ ಇಟ್ಟೆ. ಎರಡೂ ಕೈ ಚಾಚಿದೆ. ಎಡಗೈಗೆ ತಲೆಕಡೆ ಅಂಚು ಸಿಕ್ತು. ಬಲಗೈಗೆ ಸಿಗ್ಲಿಲ್ಲ. ಹಿಂದಿದ್ದವಳು ಬೈತಿದ್ಲು, ಏಳಮ್ಮ, ನಿಮ್ಮನೆ ಹಾಸಿಗೇನಾ ಅಂತ."

"ಎಷ್ಟು ಸಿಗ್ಲಿಲ್ಲ?"

"ಒಂದು ಗೇಣು ಇಟ್ಟು ನೋಡಿದೆ ಅಣ್ಣ. ಆಗ ತುದಿ ಸಿಕ್ತು."

ಉರ್ಸಿನಸ್ ಬಂಡೆಯ ಧೂಳು ಒರೆಸಿದ. ಅವಳು ಮಂಡಿಯೂರಿ ಅದರ ಮೇಲೆ ಎದೆಯಿಟ್ಟು ಕೈ ಚಾಚಿದಳು. ಎಡಗೈ ಬೆರಳ ತುದಿಗೆ ಅವನೊಂದು ಗೀರು ಹಾಕಿದ. ಬಲಗೈಯಿಂದಾಚೆ ಅವಳದೇ ಗೇಣು ಇಡಿಸಿ ಇನ್ನೊಂದು ಹಾಕಿದ. ಏಳಲು ಹೋದವಳಿಗೆ ಹಾಗೇ ಇರಲು ಹೇಳಿ, ಹಲಗೆಯ ಮೇಲಿನ ಗುಹೆಯನ್ನು ಅಂಗೈಯಿಂದ ಅಳಿಸಿದ. ಕಂಬ ಬರೆದ, ಜಾಲರಿ ಬರೆದ, ಒಳಗೆ ಕೈ ಚಾಚಿ ಬಾಗಿದ ಹೆಂಗಸನ್ನು ಬರೆದ. ಸುವಾರ್ತೆಯಲ್ಲಿ ಇಂಥವಳು ಯಾರೂ ಇಲ್ಲವೆಂದು ಪಾದ್ರಿಗಳು ತಗಾದೆ ತೆಗೆಯುತ್ತಾರೆ, ತೆಗೆಯಲಿ ಎಂದು ಗೊಣಗಿದ.

ಸಂಜೆ ಅವಿತಾ ಗಂಡನಿಗೆ ಎಲ್ಲವನ್ನೂ ಹೇಳಿದಳು, ಪಟ್ಟಿ ಹಂಚಿದ್ದನ್ನೂ. ಮೌರಸ್ ಸೂರು ನೋಡುತ್ತ ಕೇಳಿಸಿಕೊಂಡ.

"ಆ ಮಗು ಉಳೀತಾ?"

"ಗೊತ್ತಿಲ್ಲ. ಇಳಿದ್ಮೇಲೆ ನೋಡ್ಲಿಲ್ಲ."

"ಎಲ್ಲಿ, ಕೈ ಚಾಚು."

ಅವಳು ಹಾಸಿಗೆಯ ಪಕ್ಕ ಮಂಡಿಯೂರಿ ಅವನ ಮೇಲೆ ಕೈ ಚಾಚಿದಳು. ಅವನು ಮೆಲ್ಲಗೆ ಸರಿದು ಅವಳ ಎಡಗೈ ಬೆರಳಿಗೆ ನೆತ್ತಿ ತಾಗಿಸಿಕೊಂಡ. ಬಲಗೈ ಅವನ ಊದಿದ ಪಾದದ ತುದಿಗೆ ಸಿಗಲಿಲ್ಲ.

"ಈಗ ಗೇಣು ಇಡು," ಎಂದ ಮೌರಸ್.