ನಾಲ್ಕನೆಯ ಗಂಟು

ಮಚ್ಚೇಂದ್ರ ನೆಲ ನೋಡಿ ನಡೆದವನಲ್ಲ. ಹುಮನಾಬಾದಿನ ಬಜಾರಿಗೆ ಕಾಯಿಪಲ್ಲೆ ತರಲು ಹೊರಟರೂ ಅವನ ಕುತ್ತಿಗೆ ಮೇಲಕ್ಕೇ ಇರುತ್ತಿತ್ತು, ಎಡಕ್ಕೆ ತುಸು ವಾಲಿಕೊಂಡು, ತಲೆಯ ಮೇಲೆ ಯಾವುದೋ ಹೊರೆ ಜಾರುತ್ತಿದೆಯೇನೋ ಎಂದು ನೋಡುವವನ ಹಾಗೆ. ಇಪ್ಪತ್ತೆರಡು ವರ್ಷ ಗಾಡಿಯ ಮೇಲಿನ ಸಾಮಾನು ನೋಡಿ ನೋಡಿ ಹಾಗಾಗಿತ್ತು. ಎಡವಿ ಎಡವಿ ಬಲಗಾಲಿನ ಹೆಬ್ಬೆರಳಿನ ಉಗುರು ಯಾವಾಗಲೂ ಕರ್ರಗೆ. ಅವನ ಹೆಂಡತಿ ಕಮಳಾಬಾಯಿ ಆಸ್ಪತ್ರೆಯಲ್ಲಿ ಆ ಉಗುರು ನೋಡಿಯೇ ಅವನನ್ನು ಗುರುತಿಸಿದಳು. ಮುಖ ಉಳಿದಿರಲಿಲ್ಲ.

ಬಸವಕಲ್ಯಾಣದ ಯುನೂಸ್‌ನ ಕ್ರೂಸರ್ ಗಾಡಿ ಓಡಿಸುತ್ತಿದ್ದ. ಮದುವೆಗೆ, ಆಸ್ಪತ್ರೆಗೆ ಜನರನ್ನು ಒಯ್ಯುವುದು ವರ್ಷವಿಡೀ ಇದ್ದದ್ದೇ. ಅದರ ನಡುವೆ ಹೈದರಾಬಾದಿನ ಒಂದು ಕಂಪನಿಯ ಪ್ಯಾಡಲ್ ಬೋರ್ಡುಗಳನ್ನು ಮಳೆ ಮುಗಿದ ಮೇಲೆ ಕೊಂಕಣದ ಸಮುದ್ರಕ್ಕೆ ಒಯ್ಯಬೇಕು, ಮಳೆ ಹಿಡಿಯುವ ಮೊದಲು ವಾಪಸು ತರಬೇಕು. ನೀರಿನ ಮೇಲೆ ನಿಂತು ಹುಟ್ಟು ಹಾಕುತ್ತ ಹೋಗುವ ಹಲಗೆಗಳು ಅವು. ಉದ್ದ ಹತ್ತು ಅಡಿ, ತೂಕ ಹತ್ತು ಕಿಲೋ. ಭಾರದ್ದಾದರೆ ಚಿಂತೆಯಿಲ್ಲ, ಹಗುರದ್ದೇ ಕಷ್ಟ ಎನ್ನುತ್ತಿದ್ದ. ಭಾರದ್ದು ತನ್ನ ತೂಕಕ್ಕೆ ತಾನೇ ಕೂತಿರುತ್ತದೆ. ಇದರ ಹೊಟ್ಟೆಯ ಕೆಳಗೆ ಗಾಳಿ ಹೊಕ್ಕರೆ ಎದ್ದು ಹಿಂದೆ ಬರುವವನ ಎದೆಗೆ ಬಡಿಯುತ್ತದೆ. ಅಷ್ಟು ವರ್ಷ ಒಯ್ದರೂ ಅವನು ಒಂದು ದಿನವೂ ಆ ನೀರಿಗೆ ಕಾಲಿಡಲಿಲ್ಲ. ಈಜು ಬರುತ್ತಿರಲಿಲ್ಲ.

ಕಮಳಾಬಾಯಿ ಹೊಲಿದ ಹಳೆಯ ಕೌದಿಯನ್ನು ಹರಿದು ಕ್ಯಾರಿಯರಿನ ಕಬ್ಬಿಣಕ್ಕೆ ಸುತ್ತುತ್ತಿದ್ದ. ಬೋರ್ಡುಗಳನ್ನು ಬೋರಲು ಹಾಕಿ, ಮೂತಿ ಮುಂದೆ ಮಾಡಿ, ಒಂದರ ಮೇಲೊಂದು ನಾಲ್ಕು ಇಡುತ್ತಿದ್ದ. ಕಂಪನಿಯವರು ಕೊಟ್ಟ ಪಟ್ಟಿಯನ್ನು ಒಂದು ಸುತ್ತು ತಿರುವಿ ಬಿಗಿಯುತ್ತಿದ್ದ; ಚಪ್ಪಟೆಯಾಗಿ ಬಿಗಿದರೆ ದಾರಿಯುದ್ದಕ್ಕೂ ಗಾಳಿಗೆ ಗುಂಯ್ ಎನ್ನುತ್ತದೆ. ಪಟ್ಟಿಯನ್ನಷ್ಟೇ ನಂಬದೆ ಮೇಲೊಂದು ಬಿಳಿ ನೈಲಾನ್ ಹಗ್ಗ, ನಾಲ್ಕು ಮೂಲೆಗೆ ನಾಲ್ಕು ಗಂಟು. ಬಹಳ ಎಳೆದರೆ ಬೋರ್ಡು ಸೀಳುತ್ತದೆ, ಸಡಿಲ ಬಿಟ್ಟರೆ ಹಾರುತ್ತದೆ. ನಡುವಿನ ಅಳತೆ ಅವನ ಕೈಯಲ್ಲಿತ್ತು. ಬೇಸಿಗೆಯಲ್ಲೂ ತೊಡುತ್ತಿದ್ದ ಖಾಕಿ ಕೋಟಿನ ಎರಡೂ ಕಿಸೆಗಳಲ್ಲಿ ಹಗ್ಗದ ತುಂಡುಗಳೇ. ಹೈದರಾಬಾದಿನಿಂದ ಬಂದವನು ಮನೆಯಲ್ಲಿ ಒಂದು ರಾತ್ರಿ ಮಲಗಿ, ಹಗ್ಗ ಹಿಗ್ಗಿರುತ್ತದೆಂದು ಬೆಳಿಗ್ಗೆ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದ. ಆಚೆ ಮನೆಯ ಮುನ್ನಿ ಬೀ ಹೊಸ್ತಿಲಲ್ಲಿ ಕೂತು ಹಲ್ಲುಜ್ಜುತ್ತ ಕಾಡುತ್ತಿದ್ದಳು: "ಅಷ್ಟ್ ಜಗ್ಗಬ್ಯಾಡೋ ಭಾಯ್, ಗಾಡಿ ಛತ್ತೇ ಕಿತ್ಕೊಂಡು ಕೈಗೆ ಬಂದೀತು."

ಕಟ್ಟಿದರೆ ಮುಗಿಯುತ್ತಿರಲಿಲ್ಲ. ಅರ್ಧ ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಇಳಿಯಬೇಕು, ಒಂದೊಂದೇ ಗಂಟು ಹಿಡಿದು ಅಲುಗಿಸಬೇಕು. ಒಳಗೆ ಕೂತವರು ಬೈದರೂ ಸರಿ. ತನ್ನ ಬಾಗಿಲಿನ ಹತ್ತಿರದ ಬಲ ಮುಂದಿನದು ಮೊದಲು, ಮೂತಿಯ ಕಡೆಯಿಂದ ಸುತ್ತಿ ಎಡ ಮುಂದಿನದು, ಆಮೇಲೆ ಎಡ ಹಿಂದಿನದು, ಕೊನೆಗೆ ಬಲ ಹಿಂದಿನದು. ಈ ಕ್ರಮ ತಪ್ಪಿದ್ದನ್ನು ಕಂಡವರಿಲ್ಲ.

ಮನೆಯಲ್ಲೂ ಇದೇ ಗುಣ. ಗ್ಯಾಸು ಬಂದ್ ಮಾಡುವ ಕಿವಿ, ಬಾಗಿಲ ಚಿಲಕ, ಮಗಳು ಪೂನಂಳ ಸಾಲೆಯ ಚೀಲದ ಪಟ್ಟಿ, ಎಲ್ಲವನ್ನೂ ಕಮಳಾಬಾಯಿ ನೋಡಿದ ಮೇಲೆ ಅವನು ಇನ್ನೊಮ್ಮೆ ಮುಟ್ಟಬೇಕು. ಪೂನಂ ಕೂಸಿದ್ದಾಗ ಇವಳು ಸೀರೆಯ ತೊಟ್ಟಿಲು ಕಟ್ಟಿದರೆ, ಕೂಸನ್ನು ಹಾಕುವ ಮೊದಲು ತಾನೇ ಜೋತುಬಿದ್ದು ನೋಡಿದ್ದ. ಕಮಳಾಬಾಯಿಗೆ ಅದು ಉರಿ. ಹತ್ತು ವರ್ಷದವಳಿದ್ದಾಗಿಂದ ಜೋಳದ ಕಣಿಕೆಯ ಸೂಡು ಕಟ್ಟಿದ ಕೈ ಅವಳದು. ತನ್ನ ಒಂದು ಗಂಟನ್ನಾದರೂ ಈ ಗಂಡಸು ನಂಬಲಿ ಎಂಬ ಹಟ ಅವಳೊಳಗೆ ಬಹಳ ದಿನದಿಂದ ಕೂತಿತ್ತು.

ಒಮ್ಮೆ ಮಾತ್ರ ಅವಳ ಗಂಟು ಬಿಚ್ಚಿತ್ತು. ಕೊಡಂಬಲದಿಂದ ಅವಳ ತಮ್ಮ ಸಂಘರತ್ನನ ಟೆಂಪೋದಲ್ಲಿ ಕಣಿಕೆ ತರುವಾಗ ಅರ್ಧ ಹೊರೆ ರಸ್ತೆಗೆ ಬಿತ್ತು. ಸಂಘರತ್ನ ಕೆಂಡವಾಗಿ, ಕಟ್ಟಿದವರು ಯಾರು ಎಂದು ಕೂಗಾಡಿದ. ಮಚ್ಚೇಂದ್ರ ಕಣಿಕೆ ಆರಿಸುತ್ತಲೇ ತನ್ನದು ಎಂದುಬಿಟ್ಟ. ಮನೆಗೆ ಬಂದ ಮೇಲೆ ಅವಳು, ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದಳು.

"ಸುಳ್ಳಲ್ಲ. ನಾ ಮುಟ್ಟಿ ನೋಡಿದ್ದೆ," ಎಂದ. "ಮುಟ್ಟಿದ ಮ್ಯಾಲೆ ಅದು ನನ್ನ ಗಂಟು."

ಅವಳು ಆ ಮಾತನ್ನು ಅವತ್ತೇ ಮರೆತಳು.

ಕಳೆದ ದೀಪಾವಳಿ ಆದ ಮೇಲೆ ಬೋರ್ಡುಗಳು ಬಂದವು. ಹೊರಡುವ ಹಿಂದಿನ ದಿನ ಗಾಲಿ ಬದಲಿಸುವಾಗ ಜ್ಯಾಕ್ ಜಾರಿ ಅವನ ಬಲಗೈ ಬಾತಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಕಮಳಾಬಾಯಿ ಎಣ್ಣೆಯಲ್ಲಿ ಅರಿಶಿನ ಕಾಯಿಸಿ ಹಚ್ಚಿ ಅರಿವೆ ಸುತ್ತಿದಳು. ಬೆಳಿಗ್ಗೆ ಸೆರಗು ಸಿಕ್ಕಿಸಿ ತಾನೇ ಗಾಡಿಯ ಹಿಂದಿನ ಏಣಿ ಹತ್ತಿದಳು. ಅವನು ಕೆಳಗೆ ನಿಂತು ಕುತ್ತಿಗೆ ಎತ್ತಿ ಹೇಳುತ್ತ ಹೋದ, ಅವಳು ಕಟ್ಟುತ್ತ ಹೋದಳು. ಅವಳು ಇಳಿದಾಗ ಅವನ ಎಡಗೈ ಆಗಲೇ ಹಗ್ಗದ ಕಡೆ ಏಳುತ್ತಿತ್ತು.

"ಇದೊಂದ್ ಸಲ ಮುಟ್ಟಬ್ಯಾಡ್ರಿ," ಎಂದಳು. "ನನ್ನ ಕೈ ಮ್ಯಾಲೆ ಅಷ್ಟೂ ಭರೋಸಾ ಇಲ್ಲೇನು ನಿಮಗ?"

ಅವನು ಕೈಯನ್ನು ಕೋಟಿನ ಕಿಸೆಗೆ ಹಾಕಿಕೊಂಡ. "ಸೋಲಾಪುರದ ತನಕ ಮುಟ್ಟಂಗಿಲ್ಲ, ಆತಿಲ್ಲ?" ಎಂದು ನಕ್ಕ. ಮುಟ್ಟದೆ ಹೋದ. ಮುನ್ನಿ ಬೀ ಅದನ್ನು ಕಂಡು, ಇವತ್ತು ಸೂರ್ಯ ಯಾವ ಕಡೆ ಎದ್ದಾನೆ ಎಂದಳು. ಕಮಳಾಬಾಯಿ ಆ ಬೆಳಿಗ್ಗೆ ಹಾಡಿಕೊಳ್ಳುತ್ತ ಭಾಂಡೆ ತಿಕ್ಕಿದಳು. ಅದನ್ನು ಈಗ ನೆನೆಸಿದರೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅರ್ಧ ತಾಸು ತಡೆದಿದ್ದ. ಬಸವಕಲ್ಯಾಣದ ಕ್ರಾಸ್ ದಾಟಿ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಇಳಿದ. ಹಿಂದಿನಿಂದ ಬಂದ ಲಾರಿ ಅವನನ್ನು ಎಳೆದುಕೊಂಡು ಹೋಯಿತು. ಲಾರಿ ಸಿಗಲಿಲ್ಲ. ಊರಿಲ್ಲದ ಕಡೆ ಯಾಕೆ ನಿಲ್ಲಿಸಿದ ಎಂದು ಪೊಲೀಸರು ಕೇಳಿದರು. ಹಗ್ಗ ಸಡಿಲಾಗಿರಬೇಕು ಎಂದು ಯುನೂಸ್ ಹೇಳಿದ. ಹಾಗೇ ಬರೆದುಕೊಂಡರು.

ಮಣ್ಣಿಗೆ ಬಂದವರೆಲ್ಲ ಅದನ್ನೇ ಆಡಿದರು: ಅಂಥವನ ಹಗ್ಗವೂ ಸಡಿಲಾಯಿತಲ್ಲ, ಹಣೆಬರಹ. ಕಟ್ಟಿದವಳು ತಾನು ಎಂದು ಕಮಳಾಬಾಯಿ ಹೇಳಲಿಲ್ಲ. ಕಂಡಿದ್ದ ಮುನ್ನಿ ಬೀ ಬಾಯಿ ಬಿಡಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಎಂಟು ದಿನ ಕಮಳಾಬಾಯಿಗೆ ಅನ್ನ ಇಳಿಯಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಳು.

ಒಂಬತ್ತನೆಯ ದಿನ, ಪೊಲೀಸರು ಗಾಡಿ ಬಿಟ್ಟಿದ್ದಾರೆ, ಇವತ್ತೇ ಬೋರ್ಡು ಇಳಿಸುತ್ತಾರೆ ಎಂದು ತಿಳಿಯಿತು. ಯಾರಿಗೂ ಹೇಳದೆ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದಳು. ಯುನೂಸ್‌ನ ಅಂಗಳದಲ್ಲಿ ಕ್ರೂಸರ್ ನಿಂತಿತ್ತು, ಮೇಲೆ ನಾಲ್ಕೂ ಬೋರ್ಡು ಇದ್ದ ಹಾಗೇ ಇದ್ದವು. ಸೀದಾ ಏಣಿಗೆ ಕಾಲಿಟ್ಟಳು. ಬ್ಯಾಡ ಭಾಭಿ, ಬೀಳ್ತೀರಿ ಎಂದು ಅವನು ಓಡಿಬಂದ.

ಬಲ ಮುಂದಿನ ಗಂಟು ಕಲ್ಲಿನ ಹಾಗಿತ್ತು. ಬಿಳಿ ಹಗ್ಗದ ಮೇಲೆ ಹಳದಿ ಕಲೆ, ಎಣ್ಣೆ ಇಂಗಿದ ಅರಿಶಿನ. ಬಾತ ಕೈಯಿಂದಲೇ ಹಿಡಿದಿದ್ದ. ಎಡ ಮುಂದಿನದರ ಮೇಲೂ ಕಲೆ. ಎಡ ಹಿಂದಿನದರ ಮೇಲೂ. ಮೂರೂ ಒಂದು ಎಳೆಯಷ್ಟೂ ಜಗ್ಗಿರಲಿಲ್ಲ. ನಾಲ್ಕನೆಯದು, ಬಲ ಹಿಂದಿನದು, ಗಾಡಿಗಳು ಓಡುವ ಬದಿಯದು, ಬೆಳ್ಳಗಿತ್ತು. ಅವಳು ಅದನ್ನು ಹಿಡಿದು ತನ್ನ ತೂಕವನ್ನೆಲ್ಲ ಹಾಕಿ ಎಳೆದಳು. ಅಲುಗಲಿಲ್ಲ.

"ಯುನೂಸ್ ಭಾಯ್, ಈ ಗಂಟು ನಾ ಕಟ್ಟಿದ್ದು," ಎಂದಳು. "ಸಡಿಲ ಆಗಿಲ್ಲ. ಸಡಿಲ ಇರಲಿಲ್ಲಂತ ಬರೆಸ್ರಿ."

ಯುನೂಸ್ ಏಣಿ ಹತ್ತಿ ಒಂದೊಂದನ್ನೇ ಜಗ್ಗಿ ನೋಡಿದ. ಇಳಿದು ಬಂದ.

"ಕಾಗದ ಹೋಗ್ಯಾವ ಭಾಭಿ. ಸಡಿಲ ಇರಲಿಲ್ಲಂದ್ರ, ಮತ್ತ ಯಾಕ ಇಳ್ದಾನ ಅಂತ ಕೇಳ್ತಾರ. ಏನ್ ಹೇಳೂದು?"

ಕಣಿಕೆ ಬಿದ್ದ ದಿನ ಗಂಡ ಆಡಿದ ಮಾತು ಅವಳಿಗೆ ಈಗ ನೆನಪಾಯಿತು; ಅದು ಕಾಗದದಲ್ಲಿ ಬರೆಸುವಂಥದಲ್ಲ. ಗಂಟುಗಳನ್ನು ಬಿಚ್ಚಲಾಗದೆ ಕೊನೆಗೆ ಕುಡುಗೋಲಿನಿಂದ ಕೊಯ್ದರು. ನಾಲ್ಕನ್ನೂ ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಮಚ್ಚೇಂದ್ರನಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ನೋಡಿದವರಿಗೆ ಅವರು ಸಂಶಯದ ಜನ, ಯಾರ ಕೈಯನ್ನೂ ನಂಬದವರು. ಅದು ಹಾಗಲ್ಲ. ಬೇರೆಯವರು ಕಟ್ಟಿದ್ದು ನಾಳೆ ಬಿಚ್ಚಿದರೆ ಬೈಗುಳ ಕಟ್ಟಿದವರಿಗೆ ಹೋಗಬಾರದೆಂದು, ಒಮ್ಮೆ ಮುಟ್ಟಿ ಅದನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುತ್ತಾರೆ. ಮೂರು ಗಟ್ಟಿ ಇವೆ, ಸಾಕು ಎಂದು ತಿರುಗಿ ಬರುವ ಬುದ್ಧಿ ಅವರಿಗಿಲ್ಲ. ಅವರು ಮುಟ್ಟಿ ಹೋದದ್ದು ಅವರ ಲೆಕ್ಕಕ್ಕೆ. ಮುಟ್ಟದೆ ಉಳಿದದ್ದನ್ನು, ಅದು ಎಷ್ಟೇ ಗಟ್ಟಿಯಿರಲಿ, ಮನೆಯವರು ಹೊರಬೇಕು.